ದೈನಂದಿನ ಅಭ್ಯಾಸಗಳಿಂದ ದೇಹಾರೋಗ್ಯ ರಕ್ಷಣೆ: ರಕ್ತದೊತ್ತಡ ಹಾಗೂ ಮಧುಮೇಹ ತಡೆ ಮತ್ತು ಉಚಿತ ತಪಾಸಣೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಒಂದು ತಲೆಮಾರಿನ ಹಿಂದೆ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸಾಲಿನಲ್ಲಿ ಹೆಚ್ಚಾಗಿ ಕಾಣುತ್ತಿದ್ದವರು ಜ್ವರ, ವಾಂತಿಭೇದಿ, ಕ್ಷಯ ಮುಂತಾದ ಅಂಟುರೋಗಗಳಿಂದ ಬಳಲುವವರು. ಇಂದು ಅದೇ ಸಾಲಿನಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಚೀಟಿ ಹಿಡಿದವರ ಸಂಖ್ಯೆ ದೊಡ್ಡದಾಗಿದೆ. ಒಬ್ಬರಿಂದ ಒಬ್ಬರಿಗೆ ಹರಡದ ಇಂತಹ ಕಾಯಿಲೆಗಳನ್ನು ಅಸಾಂಕ್ರಾಮಿಕ ರೋಗಗಳೆಂದು ಕರೆಯಲಾಗುತ್ತದೆ. ಅಧಿಕ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ಹಾಗೂ ಕ್ಯಾನ್ಸರ್ ಇವುಗಳಲ್ಲಿ ಪ್ರಮುಖವಾದವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದ್ದು, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿರುವುದು ಇದೇ ಸಮೀಕ್ಷೆಯಲ್ಲಿ ಕಂಡುಬಂದಿದೆ. ಆರಂಭದ ವರ್ಷಗಳಲ್ಲಿ ಈ ಎರಡು ಕಾಯಿಲೆಗಳು ನೋವನ್ನಾಗಲಿ ಜ್ವರವನ್ನಾಗಲಿ ಉಂಟುಮಾಡುವುದಿಲ್ಲ. ಮನುಷ್ಯನು ಎಂದಿನಂತೆ ದುಡಿಯುತ್ತಿರುತ್ತಾನೆ, ಒಳಗೆ ರಕ್ತನಾಳ, ಮೂತ್ರಪಿಂಡ ಹಾಗೂ ಕಣ್ಣಿನ ಅಕ್ಷಿಪಟಲಗಳು ಹಾನಿಗೊಳ್ಳುತ್ತಿರುತ್ತವೆ. ಅನೇಕರಿಗೆ ತಮ್ಮ ಕಾಯಿಲೆಯ ಅರಿವಾಗುವುದು ಪಾರ್ಶ್ವವಾಯು ಅಥವಾ ಹೃದಯಾಘಾತ ಸಂಭವಿಸಿದ ದಿನದಂದೇ.

ಅಭ್ಯಾಸ ಬದಲಿಸಿದರೆ ಫಲ ದೊರೆಯುವುದೇ ಎಂಬ ಪ್ರಶ್ನೆ ಸಹಜ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನವು ಇದಕ್ಕೆ ಉತ್ತರ ನೀಡಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿನವರಿಗೆ ಆಹಾರ ನಿಯಮ ಹಾಗೂ ದಿನಕ್ಕೆ ಅರ್ಧ ಗಂಟೆಯ ನಡಿಗೆಯನ್ನು ಸೂಚಿಸಲಾಗಿತ್ತು. ವಿಶೇಷ ಸಲಹೆ ಪಡೆಯದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರೆ, ಸಲಹೆಯಂತೆ ನಡೆದ ಗುಂಪಿನಲ್ಲಿ ಆ ಸಂಖ್ಯೆ ಸುಮಾರು 39ಕ್ಕೆ ಇಳಿದಿತ್ತು. ಕಾಯಿಲೆ ಪೂರ್ಣವಾಗಿ ನಿಲ್ಲಲಿಲ್ಲವೆಂಬುದೂ ಇಲ್ಲಿ ಗಮನಾರ್ಹ. ಉತ್ತಮ ಅಭ್ಯಾಸವು ಅಪಾಯವನ್ನು ತಗ್ಗಿಸುತ್ತದೆ, ಆದರೆ ತಪಾಸಣೆಗೆ ಅದು ಬದಲಿಯಾಗದು. ಆದಕಾರಣ ಈ ಪುಟದಲ್ಲಿ ಎರಡನ್ನೂ ಒಟ್ಟಿಗೆ ವಿವರಿಸಲಾಗಿದೆ.

ಉಪ್ಪಿನ ಬಳಕೆ

ರಕ್ತದೊತ್ತಡದ ವಿಷಯದಲ್ಲಿ ಅಡುಗೆಮನೆಯಲ್ಲಿ ಮೊದಲು ನೋಡಬೇಕಾದುದು ಉಪ್ಪಿನ ಡಬ್ಬಿಯನ್ನು. ವಯಸ್ಕರು ದಿನಕ್ಕೆ ಎಲ್ಲ ಮೂಲಗಳಿಂದ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಇದು ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಪ್ರತಿದಿನ ತೂಗಿ ನೋಡುವುದು ಯಾವ ಮನೆಯಲ್ಲಿಯೂ ಸಾಧ್ಯವಾಗದ ಕೆಲಸವಾದ್ದರಿಂದ ಸುಲಭವಾದ ಬೇರೊಂದು ಲೆಕ್ಕವಿದೆ. ನಾಲ್ವರು ವಯಸ್ಕರಿರುವ ಕುಟುಂಬಕ್ಕೆ ದಿನಕ್ಕೆ 20 ಗ್ರಾಂ ಎಂದಾದರೆ, ಒಂದು ಕಿಲೋ ಉಪ್ಪಿನ ಪೊಟ್ಟಣ ಕನಿಷ್ಠ 50 ದಿನ ಬರಬೇಕು. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟರೆ ಸಾಕು. ಅದು 25 ದಿನಕ್ಕೇ ಮುಗಿದಲ್ಲಿ ಆ ಮನೆಯಲ್ಲಿ ತಲಾ 10 ಗ್ರಾಂ ಬಳಕೆಯಾಗುತ್ತಿದೆ ಎಂದರ್ಥ. ಹೊರಗೆ ತಿಂದ ತಿಂಡಿಯ ಉಪ್ಪು ಈ ಲೆಕ್ಕದಲ್ಲಿ ಸೇರಿಲ್ಲ.

ಸಾರು, ಪಲ್ಯಗಳಿಗೆ ಹಾಕುವ ಉಪ್ಪು ಕಣ್ಣಿಗೆ ಕಾಣುತ್ತದೆ. ಕಾಣದ ಉಪ್ಪು ಇರುವುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಬೇಕರಿಯ ಖಾರ ತಿನಿಸು ಹಾಗೂ ಪೊಟ್ಟಣದ ಕುರುಕಲು ತಿಂಡಿಗಳಲ್ಲಿ. ಬಿಸ್ಕತ್ತು, ಬ್ರೆಡ್‌ಗಳು ಸಿಹಿಯಾಗಿದ್ದರೂ ಅವುಗಳಲ್ಲಿ ಉಪ್ಪಿರುತ್ತದೆ. ಮಜ್ಜಿಗೆ ಅನ್ನಕ್ಕೆ ಉಪ್ಪಿನಕಾಯಿ ಇಲ್ಲದೆ ಊಟ ಮುಗಿಯದ ಮನೆಗಳೇ ನಮ್ಮಲ್ಲಿ ಹೆಚ್ಚು. ಅದನ್ನು ಪೂರ್ಣವಾಗಿ ಬಿಡಬೇಕೆಂದು ಹೇಳಿದರೆ ಯಾರೂ ಪಾಲಿಸುವುದಿಲ್ಲ. ಅಂತಹವರು ಮಜ್ಜಿಗೆಗೆ ಬೇರೆ ಉಪ್ಪು ಹಾಕದೆ ಉಪ್ಪಿನಕಾಯಿಯ ಒಂದು ಹೋಳಿಗೆ ಸೀಮಿತಗೊಳ್ಳುವುದು, ಊಟದ ಎಲೆಯ ತುದಿಗೆ ಉಪ್ಪು ಬಡಿಸುವ ರೂಢಿಯನ್ನು ಕೈಬಿಡುವುದು ಕಾರ್ಯಸಾಧ್ಯ. ನಾಲಿಗೆಯು ಕೆಲವು ವಾರಗಳಲ್ಲಿ ಕಡಿಮೆ ಉಪ್ಪಿನ ರುಚಿಗೆ ಹೊಂದಿಕೊಳ್ಳುತ್ತದೆ. ನಿಂಬೆರಸ, ಹುಣಸೆ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿಗಳ ಬಳಕೆಯಿಂದ ಈ ಬದಲಾವಣೆ ಸುಲಭವಾಗುತ್ತದೆ.

ಸೈಂಧವ ಲವಣ ಅಥವಾ ಕಲ್ಲುಪ್ಪು ಬಳಸಿದರೆ ರಕ್ತದೊತ್ತಡ ಏರುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಅವುಗಳಲ್ಲಿಯೂ ಮುಖ್ಯವಾಗಿ ಇರುವುದು ಸೋಡಿಯಂ ಕ್ಲೋರೈಡ್ ಆಗಿದ್ದು, ಅಯೋಡಿನ್ ಸೇರಿಸದಿದ್ದಲ್ಲಿ ಗಳಗಂಡದ ತೊಂದರೆಯೂ ಕಾಡಬಹುದು. ಅಯೋಡಿನ್‌ಯುಕ್ತ ಉಪ್ಪನ್ನೇ ಮಿತವಾಗಿ ಬಳಸತಕ್ಕದ್ದು. ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಸೇರಿಸಿದ ಉಪ್ಪುಗಳು ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದು, ಮನೆಬಳಕೆಗೆ ಅವುಗಳನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ತಿಳಿಸಿದೆ. ಆದರೆ ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು ಮತ್ತು ಮಕ್ಕಳಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಇಂತಹ ಉಪ್ಪು ಅಪಾಯಕಾರಿಯಾಗಬಹುದು. ಮಧುಮೇಹಿಗಳಲ್ಲಿ ಈ ತೊಂದರೆ ಗೊತ್ತಿಲ್ಲದೆಯೇ ಇರುವ ಸಂಭವವಿರುವುದರಿಂದ ವೈದ್ಯರನ್ನು ಕೇಳದೆ ಬಳಸಕೂಡದು.

ಅನ್ನ, ಮುದ್ದೆ, ರೊಟ್ಟಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ಊಟದ ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು ಹಾಗೂ ಹಣ್ಣುಗಳಿಂದ ಕೂಡಿರಬೇಕು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಹಾಲು, ಮೊಟ್ಟೆ, ಮೀನು ಅಥವಾ ಮಾಂಸ ಮತ್ತು ಎಣ್ಣೆಬೀಜಗಳು ಬರುತ್ತವೆ. ವಾಸ್ತವದಲ್ಲಿ ನಮ್ಮ ತಟ್ಟೆಗಳು ಇದಕ್ಕೆ ತದ್ವಿರುದ್ಧವಾಗಿವೆ. ದಕ್ಷಿಣದ ಜಿಲ್ಲೆಗಳಲ್ಲಿ ಮುದ್ದೆ ಮತ್ತು ಅನ್ನ, ಉತ್ತರದಲ್ಲಿ ಜೋಳದ ರೊಟ್ಟಿ, ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ ತಟ್ಟೆಯ ಮುಕ್ಕಾಲು ಪಾಲನ್ನು ಆಕ್ರಮಿಸಿದ್ದು, ಪಲ್ಯವು ನಂಚಿಕೊಳ್ಳುವಷ್ಟಕ್ಕೆ ಸೀಮಿತವಾಗಿದೆ. ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಈ ಪ್ರಮಾಣದ ಧಾನ್ಯ ಸಲ್ಲುತ್ತಿತ್ತು. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ಅದು ಸಲ್ಲದು.

ರಾಗಿಯ ಬಗ್ಗೆ ಪ್ರತ್ಯೇಕವಾಗಿ ಹೇಳುವುದು ಅವಶ್ಯಕ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ನಾರಿನಂಶವೂ ರಾಗಿಯಲ್ಲಿ ಹೆಚ್ಚು. ಇಷ್ಟೆಲ್ಲ ಗುಣಗಳಿದ್ದರೂ ರಾಗಿ ಹಿಟ್ಟಿನ ಬಹುಪಾಲು ಪಿಷ್ಟವೇ ಆಗಿದ್ದು, ಅದು ಜೀರ್ಣವಾದಾಗ ರಕ್ತಕ್ಕೆ ಸೇರುವುದು ಸಕ್ಕರೆಯಾಗಿಯೇ. ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವೆಂದು ನಂಬಿ ಎರಡು ದೊಡ್ಡ ಮುದ್ದೆ ಉಣ್ಣುವ ಮಧುಮೇಹಿಗಳು ಪರೀಕ್ಷೆಯ ದಿನ ಅಚ್ಚರಿಪಡುವುದುಂಟು. ನುಣ್ಣಗೆ ಸೋಸಿದ ಹಿಟ್ಟಿನ ರಾಗಿ ಗಂಜಿಯಂತೂ ಮುದ್ದೆಗಿಂತ ಬೇಗ ಸಕ್ಕರೆಯನ್ನು ಏರಿಸುತ್ತದೆ. ಚಿಕ್ಕ ಮುದ್ದೆಯೊಂದಿಗೆ ಸೊಪ್ಪಿನ ಬಸ್ಸಾರು, ಕಾಳಿನ ಪಲ್ಯ ಹೆಚ್ಚಾಗಿದ್ದರೆ ಅದು ಉತ್ತಮ ಊಟ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಾಗಿಸುವ ಬಸ್ಸಾರಿನ ಕ್ರಮದಿಂದ ಆ ನೀರಿಗೆ ಇಳಿದ ಪೋಷಕಾಂಶಗಳು ಊಟಕ್ಕೇ ಸೇರುತ್ತವೆ.

ಹರಿವೆ, ದಂಟು, ನುಗ್ಗೆ, ಮೆಂತ್ಯ, ಸಬ್ಬಸಿಗೆ, ಹೊನಗನ್ನೆ, ಪುಂಡಿಪಲ್ಯ ಮುಂತಾದವು ಆಯಾ ಭಾಗದಲ್ಲಿ ಅಗ್ಗವಾಗಿ ದೊರೆಯುತ್ತವೆ. ನುಗ್ಗೆಯ ಮರ ಹಿತ್ತಲಲ್ಲಿದ್ದರೆ ಹಣವನ್ನೂ ಕೊಡಬೇಕಿಲ್ಲ. ಹುರುಳಿ, ಅವರೆ, ಹೆಸರು, ಅಲಸಂದೆಗಳನ್ನು ನೆನೆಸಿ ಮೊಳಕೆ ಬರಿಸಿ ಬಳಸುವುದು ಉತ್ತಮ. ಹಬ್ಬದ ದಿನ ಮಾತ್ರ ಎಲೆಯ ಮೇಲೆ ಕಾಣುವ ಕೋಸಂಬರಿಯನ್ನು ವಾರದ ದಿನಗಳಿಗೂ ತರಬಹುದು. ಹಣ್ಣಿನ ರಸಕ್ಕಿಂತ ಇಡೀ ಹಣ್ಣು ಮೇಲು. ದುಬಾರಿ ಹಣ್ಣೇ ಆಗಬೇಕೆಂದಿಲ್ಲ, ಸೀಬೆ, ಪಪ್ಪಾಯಿ, ನೆಲ್ಲಿಕಾಯಿ ಸಾಕು.

ಎಣ್ಣೆಯ ಬಗ್ಗೆ ಅದೇ ಮಾರ್ಗಸೂಚಿಯು 2000 ಕಿಲೋ ಕ್ಯಾಲರಿಯ ದಿನದ ಆಹಾರಕ್ಕೆ ಸುಮಾರು 27 ಗ್ರಾಂ ಎಣ್ಣೆ ಮತ್ತು ಕೊಬ್ಬನ್ನು ಸೂಚಿಸಿದೆ. ನಾಲ್ವರ ಮನೆಗೆ ತಿಂಗಳಿಗೆ ತುಪ್ಪ, ಬೆಣ್ಣೆಗಳೂ ಸೇರಿ ಸುಮಾರು ಮೂರೂವರೆ ಲೀಟರ್. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯಲು ಬಳಸಬಾರದು.

ಸಕ್ಕರೆ, ಕಾಫಿ ಮತ್ತು ಚಹಾ

ಆಹಾರಕ್ಕೆ ಸೇರಿಸುವ ಸಕ್ಕರೆಯು ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, ಅಂದರೆ ಹೆಚ್ಚೆಂದರೆ 50 ಗ್ರಾಂ. ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ ಐದು ಲೋಟ ಚಹಾ ಅಥವಾ ಕಾಫಿಯನ್ನು ತಲಾ ಎರಡು ಚಮಚ ಸಕ್ಕರೆಯೊಂದಿಗೆ ಕುಡಿಯುವವರು ಬೇರೇನೂ ಸಿಹಿ ತಿನ್ನದೆಯೇ ಈ ಮೇಲ್ಮಿತಿಯನ್ನು ಮುಟ್ಟಿರುತ್ತಾರೆ. ಕಚೇರಿ ಹಾಗೂ ಬಂಧುಗಳ ಮನೆಗಳಲ್ಲಿ ಕೇಳದೆಯೇ ಸಕ್ಕರೆ ಬೆರೆಸಿ ಕೊಡುವ ಪದ್ಧತಿ ಇರುವುದರಿಂದ ಮೊದಲೇ ಹೇಳುವುದು ಸೂಕ್ತ. ಬೆಲ್ಲ, ಜೇನುತುಪ್ಪಗಳೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತವೆ.

ಊಟದ ಹಿಂದೆ ಅಥವಾ ಮುಂದೆ ಒಂದು ಗಂಟೆಯೊಳಗೆ ಕುಡಿದ ಚಹಾ, ಕಾಫಿಯು ಆಹಾರದಲ್ಲಿನ ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ರಕ್ತಹೀನತೆಯಿರುವ ಮಹಿಳೆಯರು ಹಾಗೂ ಹದಿಹರೆಯದ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗಿದರೆ ಅದರ ಪ್ರಯೋಜನ ತಗ್ಗುತ್ತದೆ.

ನಡಿಗೆ ಮತ್ತು ದೈಹಿಕ ಶ್ರಮ

ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಕೆಲಸ ಮಾಡುತ್ತಿದ್ದ ಚಾಲಕರು ಹಾಗೂ ನಿರ್ವಾಹಕರ ಆರೋಗ್ಯವನ್ನು ಹೋಲಿಸಿದ ಅಧ್ಯಯನವೊಂದು 1953ರಲ್ಲಿ ಪ್ರಕಟವಾಯಿತು. ಒಂದೇ ಬಸ್ಸು, ಒಂದೇ ಸಂಸ್ಥೆ. ಆದರೂ ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುತ್ತ ಟಿಕೆಟ್ ನೀಡುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ದೈಹಿಕ ಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಎತ್ತಿ ತೋರಿದ ಮೊದಲ ಅಧ್ಯಯನಗಳಲ್ಲಿ ಇದೂ ಒಂದು.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಅಗತ್ಯವೆಂದು ನಿಗದಿಪಡಿಸಲಾಗಿದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಇದು ಪೂರೈಸುತ್ತದೆ. ಬಿರುಸು ಎಂದರೆ ಎಷ್ಟು ಎಂಬುದನ್ನು ತಿಳಿಯಲು ಯಂತ್ರ ಬೇಕಿಲ್ಲ. ನಡೆಯುತ್ತಾ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅರ್ಧ ಗಂಟೆಯನ್ನು ಒಂದೇ ಬಾರಿಗೆ ನಡೆಯಬೇಕೆಂಬ ನಿಯಮವೂ ಇಲ್ಲ. ಬಸ್ ನಿಲ್ದಾಣದಿಂದ ಕಚೇರಿಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ, ಸಂಜೆ ಅಂಗಡಿಗೆ ಹತ್ತು ನಿಮಿಷ ಎಂದು ಕೂಡಿಸಿಕೊಂಡರೂ ಅದು ಲೆಕ್ಕಕ್ಕೆ ಬರುತ್ತದೆ. ಈ ನಿಮಿಷಗಳ ಹೊರತಾಗಿ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮವೂ ಬೇಕು. ಗರಡಿಮನೆಗಳಲ್ಲಿ ಕಲಿಸುತ್ತಿದ್ದ ದಂಡ, ಬಸ್ಕಿಗಳು ಇದಕ್ಕೆ ಸಾಕು. ವಯಸ್ಸಾದವರು ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕುಳಿತರೂ ತೊಡೆಗಳು ಬಲಗೊಂಡು, ಬೀಳುವ ಅಪಾಯ ತಗ್ಗುತ್ತದೆ.

ಕೃಷಿಕರು, ಕಟ್ಟಡ ಕಾರ್ಮಿಕರು, ನೀರು ಹೊತ್ತು ತರುವ ಮಹಿಳೆಯರಿಗೆ ಪ್ರತ್ಯೇಕ ನಡಿಗೆಯನ್ನು ಉಪದೇಶಿಸುವುದು ಅರ್ಥಹೀನ. ಅವರ ದುಡಿಮೆಯೇ ಶ್ರಮ. ಆದರೆ ಕೊಯ್ಲಿನ ನಂತರ ತಿಂಗಳುಗಟ್ಟಲೆ ಕೆಲಸವಿಲ್ಲದಿರುವಾಗ, ಅಥವಾ ಕೊಳವೆಬಾವಿ, ಟ್ರ್ಯಾಕ್ಟರ್, ದ್ವಿಚಕ್ರ ವಾಹನಗಳು ಬಂದ ನಂತರ, ಗ್ರಾಮೀಣ ಜೀವನವೂ ಮೊದಲಿನಂತೆ ಶ್ರಮದಾಯಕವಾಗಿ ಉಳಿದಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ. ಮಧುಮೇಹವಿರುವವರು ಬರಿಗಾಲಿನಲ್ಲಿ ನಡೆಯಕೂಡದು. ಪಾದದ ಸಂವೇದನೆ ಕುಗ್ಗಿರುವುದರಿಂದ ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳುವುದನ್ನು, ಕಾಣದಿದ್ದರೆ ಮನೆಯವರಿಂದ ನೋಡಿಸುವುದನ್ನು ರೂಢಿಸಿಕೊಳ್ಳಬೇಕು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಆಟ ಬೇಕು. ಪರೀಕ್ಷೆಯ ತಿಂಗಳಿನಲ್ಲಿ ಆಟ ನಿಲ್ಲಿಸುವ ರೂಢಿಯಿಂದ ಯಾವ ಲಾಭವೂ ಇಲ್ಲ.

ಸೊಂಟದ ಸುತ್ತಳತೆ

ತೂಕದ ಯಂತ್ರವಿಲ್ಲದ ಮನೆಯಲ್ಲಿಯೂ ದರ್ಜಿಯ ಟೇಪು ಇರುತ್ತದೆ. ಉಸಿರು ಬಿಟ್ಟ ನಂತರ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ ಟೇಪನ್ನು ಸುತ್ತಿ ಅಳೆಯಬೇಕು. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ್ದರೆ ಹೊಟ್ಟೆಯ ಸುತ್ತ ಅಪಾಯಕಾರಿ ಕೊಬ್ಬು ಸೇರಿದೆಯೆಂದು ತಿಳಿಯಬೇಕು. ತೆಳುವಾದ ಕೈಕಾಲುಗಳಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ದೇಹ ನಮ್ಮಲ್ಲಿ ಸಾಮಾನ್ಯ. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಬರುವುದರಿಂದ ಇಲ್ಲಿನ ಮಿತಿಗಳನ್ನು ಯುರೋಪಿನವರಿಗಿಂತ ಕೆಳಗಿರಿಸಲಾಗಿದೆ. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು.

ತಂಬಾಕು, ಅಡಿಕೆ ಮತ್ತು ಮದ್ಯ

ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ನಶ್ಯ ಇವುಗಳಲ್ಲಿ ಸುರಕ್ಷಿತವಾದುದು ಯಾವುದೂ ಇಲ್ಲ. ಹೊಗೆರಹಿತ ತಂಬಾಕು ಶ್ವಾಸಕೋಶಕ್ಕೆ ತೊಂದರೆ ಕೊಡದೆಂದು ಭಾವಿಸುವವರು ಬಾಯಿಯ ಕ್ಯಾನ್ಸರನ್ನು ಮರೆಯುತ್ತಾರೆ. ಅಡಿಕೆಯು ಕರ್ನಾಟಕದ ಲಕ್ಷಾಂತರ ಕುಟುಂಬಗಳ ಜೀವನೋಪಾಯವಾಗಿದ್ದು, ತಾಂಬೂಲಕ್ಕೆ ಶುಭಕಾರ್ಯಗಳಲ್ಲಿ ಸ್ಥಾನವಿದೆ. ಹಾಗಿದ್ದರೂ ಆರೋಗ್ಯದ ದೃಷ್ಟಿಯಿಂದ ಹೇಳಬೇಕಾದುದನ್ನು ಮರೆಮಾಚಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ದಿನವೂ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯುವುದು ಕ್ರಮೇಣ ಕಷ್ಟವಾಗುತ್ತದೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಬಾಯಿಯೊಳಗೆ ಇರಿಸಲು ಆಗದಿದ್ದರೆ, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ, ಖಾರ ತಿಂದಾಗ ಅಸಾಧ್ಯ ಉರಿಯಿದ್ದರೆ ತಡಮಾಡದೆ ದಂತ ವೈದ್ಯರಿಗೆ ತೋರಿಸತಕ್ಕದ್ದು.

ತಂಬಾಕು ಬಿಡಲು ಇಚ್ಛಿಸುವವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಿಟ್ಟ ಮೊದಲ ಎರಡು ಮೂರು ವಾರ ಸಿಡುಕು, ನಿದ್ರಾಭಂಗ ಸಾಮಾನ್ಯ. ಒಮ್ಮೆ ಸೋತವರು ಮತ್ತೆ ಪ್ರಯತ್ನಿಸುವುದರಲ್ಲಿ ಸಂಕೋಚವೇನೂ ಬೇಡ, ಯಶಸ್ವಿಯಾದವರಲ್ಲಿ ಬಹುತೇಕರು ಹಲವು ಬಾರಿ ಪ್ರಯತ್ನಿಸಿದವರೇ. ಕರ್ನಾಟಕದಲ್ಲಿ 2024ರ ತಿದ್ದುಪಡಿ ಅಧಿನಿಯಮವು 2025ರಲ್ಲಿ ಜಾರಿಗೆ ಬಂದಿದ್ದು, 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಷೇಧಿಸಲಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಬಳಕೆಗೆ ದಂಡವನ್ನು 1000 ರೂ.ಗಳವರೆಗೆ ಹೆಚ್ಚಿಸಲಾಗಿದೆ.

ಮದ್ಯದ ವಿಷಯದಲ್ಲಿ ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಪ್ರತಿದಿನ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ನಡುಕ, ಗೊಂದಲ, ಫಿಟ್ಸ್ ಬರಬಹುದಾದ್ದರಿಂದ ಅಂತಹವರು ವೈದ್ಯರ ನಿಗಾದಲ್ಲಿಯೇ ನಿಲ್ಲಿಸುವುದು ಕ್ಷೇಮ.

ನಿದ್ರೆ ಮತ್ತು ಇತರ ವಿಷಯಗಳು

ವಯಸ್ಕರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ಜೋರಾದ ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುವುದನ್ನು ಮನೆಯವರು ಗಮನಿಸಿದಲ್ಲಿ ವೈದ್ಯರಿಗೆ ತಿಳಿಸಬೇಕು, ಇದರಿಂದಲೂ ರಕ್ತದೊತ್ತಡ ಏರುತ್ತದೆ. ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ಊಟಕ್ಕೆ ಮುನ್ನ ಹಾಗೂ ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು ಎಲ್ಲರಿಗೂ ತಿಳಿದ ಸಂಗತಿ. ದೀರ್ಘಕಾಲದ ಮನೋವೇದನೆ, ಆತಂಕಗಳಿಗೆ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಉಚಿತ ತಪಾಸಣೆ: ಯಾರಿಗೆ, ಎಲ್ಲಿ, ಹೇಗೆ

30 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ರಕ್ತದೊತ್ತಡ ಹಾಗೂ ಸಕ್ಕರೆ ಅಂಶವನ್ನು ವರ್ಷಕ್ಕೊಮ್ಮೆ, ಬಾಯಿಯ ಕ್ಯಾನ್ಸರ್ ತಪಾಸಣೆಯನ್ನು 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕು. ಮಹಿಳೆಯರು ಇವುಗಳೊಂದಿಗೆ ಸ್ತನ ಹಾಗೂ ಗರ್ಭಕಂಠದ ತಪಾಸಣೆಯನ್ನೂ 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕು. ಆಯುಷ್ಮಾನ್ ಆರೋಗ್ಯ ಮಂದಿರಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳು ಹಾಗೂ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೇವೆಯನ್ನು ಸಂಪರ್ಕಿಸಬಹುದು. ಮನೆಬಾಗಿಲಿಗೆ ತೆರಳಿ ತಪಾಸಣೆ ನಡೆಸುವ ಗೃಹ ಆರೋಗ್ಯ ಯೋಜನೆಯನ್ನು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 2025ರಲ್ಲಿ ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ತಪಾಸಣೆಗೆ ಬಿ.ಪಿ.ಎಲ್., ಎ.ಪಿ.ಎಲ್. ಎಂಬ ಭೇದವಿಲ್ಲ. ಆಭಾ ಎಂದು ಕರೆಯಲಾಗುವ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಯನ್ನು ಪಡೆಯುವುದು ಐಚ್ಛಿಕ. ಅದಿದ್ದಲ್ಲಿ ಹಳೆಯ ದಾಖಲೆಗಳನ್ನು ನೋಡಲು ಅನುಕೂಲವಾಗುತ್ತದೆ.

ಆಶಾ ಕಾರ್ಯಕರ್ತೆಯರು ಮನೆಗೆ ಬಂದು ನಮೂನೆಯೊಂದನ್ನು ತುಂಬುತ್ತಾರೆ. ವಯಸ್ಸು, ತಂಬಾಕು ಮತ್ತು ಮದ್ಯದ ಬಳಕೆ, ಸೊಂಟದ ಸುತ್ತಳತೆ, ವಾರದಲ್ಲಿ 150 ನಿಮಿಷ ಶ್ರಮವಿದೆಯೇ, ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಬಿ.ಪಿ., ಮಧುಮೇಹ, ಹೃದ್ರೋಗವಿದೆಯೇ ಎಂಬಿವು ಅದರಲ್ಲಿನ ಪ್ರಶ್ನೆಗಳು. ಪ್ರತಿ ಉತ್ತರಕ್ಕೂ ಅಂಕವಿದ್ದು, ಒಟ್ಟು 4ಕ್ಕಿಂತ ಹೆಚ್ಚು ಬಂದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸಲಾಗುತ್ತದೆ. ಕಡಿಮೆ ಅಂಕ ಬಂದವರಿಗೆ ತಪಾಸಣೆ ಬೇಡವೆಂದು ಇದರ ಅರ್ಥವಲ್ಲ. ಮನೆಯ ಹಿರಿಯರ ಎದುರು ತಂಬಾಕಿನ ವಿಷಯವನ್ನು ಮುಚ್ಚಿಟ್ಟರೆ ಅಂಕ ತಪ್ಪುತ್ತದೆ. ಸಂಕೋಚವಿದ್ದವರು ಕಾರ್ಯಕರ್ತೆಗೆ ಪ್ರತ್ಯೇಕವಾಗಿ ತಿಳಿಸಬಹುದು.

ರಕ್ತದೊತ್ತಡದ ಅಳತೆಯಲ್ಲಿ ತಪ್ಪುಗಳಾಗುವುದು ಬಹುಮಟ್ಟಿಗೆ ಅವಸರದಿಂದ. ಬಸ್ಸಿಳಿದು ಓಡೋಡಿ ಬಂದು ಕೈ ನೀಡಿದರೆ ಅಂಕಿ ಏರಿಯೇ ಇರುತ್ತದೆ. ಅಳತೆಗೆ ಅರ್ಧ ಗಂಟೆ ಮೊದಲು ಕಾಫಿ, ಚಹಾ, ತಂಬಾಕು ಸೇವಿಸಿರಬಾರದು. ಮೂತ್ರ ವಿಸರ್ಜಿಸಿ ಬಂದು, ಬೆನ್ನು ಒರಗಿಸಿ, ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಕಾಲ ಮೇಲೆ ಕಾಲು ಹಾಕಬಾರದು. ತೋಳು ಎದೆಯ ಮಟ್ಟದಲ್ಲಿ ಆಧಾರದ ಮೇಲಿರಬೇಕು, ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಬೇಕು, ಅಳೆಯುವಾಗ ಮಾತನಾಡಬಾರದು. ಎರಡನೆಯ ಬಾರಿ ಅಳೆಯುವಂತೆ ಸಿಬ್ಬಂದಿಯನ್ನು ಕೇಳುವುದರಲ್ಲಿ ತಪ್ಪಿಲ್ಲ.

120/80ಕ್ಕಿಂತ ಕಡಿಮೆಯಿದ್ದರೆ ಸಹಜ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡವೆಂದು ನಿರ್ಧರಿಸಲಾಗುತ್ತದೆ. ಎರಡು ಅಂಕಿಗಳಲ್ಲಿ ಒಂದು ಏರಿದ್ದರೂ ಸಾಕು. ನಡುವಿನ ಅಂಕಿ ಬಂದವರು ಮೇಲೆ ವಿವರಿಸಿದ ಅಭ್ಯಾಸಗಳನ್ನು ಆರಂಭಿಸಲು ಅದೇ ತಕ್ಕ ಕಾಲ. 180/110 ಮೀರಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದ ಸಕ್ಕರೆ 140 ಮಿಲಿಗ್ರಾಂ ಮೀರಿದ್ದರೆ ಖಾಲಿ ಹೊಟ್ಟೆಯ ಪರೀಕ್ಷೆಗೆ ಕಳುಹಿಸಲಾಗುತ್ತದೆ. ಇದಕ್ಕೆ ಹಿಂದಿನ ರಾತ್ರಿಯಿಂದ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಬೆಳಗಿನ ಒಂದು ಗುಟುಕು ಕಾಫಿಯಿಂದಲೂ ಪರೀಕ್ಷೆ ಕೆಡುತ್ತದೆ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಸಹಜ, 100ರಿಂದ 125 ಹೊಸ್ತಿಲಿನ ಸ್ಥಿತಿ, 126 ಅಥವಾ ಹೆಚ್ಚಿದ್ದಲ್ಲಿ ಮಧುಮೇಹ.

ಮಾತ್ರೆ ನಿಲ್ಲಿಸುವ ಬಗ್ಗೆ

ಕಾಯಿಲೆ ದೃಢಪಟ್ಟವರಿಗೆ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಮಾತ್ರೆಗಳನ್ನು ಉಚಿತವಾಗಿ, ಸಾಮಾನ್ಯವಾಗಿ ಒಂದು ತಿಂಗಳಿಗಾಗುವಷ್ಟು ನೀಡಲಾಗುತ್ತದೆ. ತಿಂಗಳ ನಂತರ ಅಂಕಿ ಸಹಜಕ್ಕೆ ಬಂದುದನ್ನು ಕಂಡು ಕಾಯಿಲೆ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ಮಾತ್ರೆಯಿಂದಾಗಿಯೇ ಅಂಕಿ ಸಹಜವಾಗಿರುತ್ತದೆ. ನಿಲ್ಲಿಸಿದಾಗ ಮತ್ತೆ ಏರುತ್ತದೆ, ಮತ್ತು ಏರಿದ್ದು ತಿಳಿಯುವುದಿಲ್ಲ. ಉಪ್ಪು, ತೂಕ ಇಳಿಸಿ ನಿಯಮಿತವಾಗಿ ನಡೆದವರಲ್ಲಿ ಮಾತ್ರೆಯ ಪ್ರಮಾಣವನ್ನು ವೈದ್ಯರು ಕಡಿಮೆ ಮಾಡಬಹುದು. ಅದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ರೋಗಿಯಾಗಲಿ ನೆರೆಹೊರೆಯವರಾಗಲಿ ಅಲ್ಲ. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ನುಂಗಕೂಡದು. ಊರಿಗೆ, ಜಾತ್ರೆಗೆ, ಕೂಲಿಗೆ ಹೊರಜಿಲ್ಲೆಗೆ ಹೋಗುವವರು ಮಾತ್ರೆ ಮುಗಿಯುವ ಮುನ್ನವೇ ಕೇಂದ್ರಕ್ಕೆ ಬಂದು ಪಡೆದುಕೊಳ್ಳಬೇಕು. ಚೀಟಿಯನ್ನು ಜೊತೆಗೆ ಒಯ್ದರೆ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಮುಂದುವರಿಸಲು ಅನುಕೂಲವಾಗುತ್ತದೆ.

ತುರ್ತು ಸಂದರ್ಭ

ಎದೆಯ ಮೇಲೆ ಭಾರವಿಟ್ಟಂತಹ ನೋವು, ಅದು ಎಡತೋಳು, ದವಡೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಂಡಲ್ಲಿ ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿಯುತ್ತಾ ಕಾಲ ಕಳೆಯಬಾರದು. ಮಹಿಳೆಯರು ಹಾಗೂ ಮಧುಮೇಹಿಗಳಲ್ಲಿ ನೋವಿಲ್ಲದೆ ಬರಿಯ ಸುಸ್ತು, ವಾಕರಿಕೆಯಷ್ಟೇ ಇರಬಹುದು. 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತಲುಪಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಅದನ್ನು ಹೃದ್ರೋಗ ತಜ್ಞರು ಪರಿಶೀಲಿಸಿದ ನಂತರ, ಅಗತ್ಯವಿದ್ದವರಿಗೆ ರಕ್ತ ಹೆಪ್ಪುಗಟ್ಟಿರುವುದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಿ ಮೇಲಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಮುಖ ಒಂದು ಬದಿಗೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಇದರಲ್ಲಿ ರಕ್ತದ ಹೆಪ್ಪು ಕರಗಿಸುವ ಚಿಕಿತ್ಸೆಗೆ ನಾಲ್ಕೂವರೆ ಗಂಟೆಗಳ ಮಿತಿಯಿದೆ. ಮೊದಲ ಲಕ್ಷಣ ಕಂಡ ಸಮಯವನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸತಕ್ಕದ್ದು. ಅಂತಹವರಿಗೆ ದಾರಿಯಲ್ಲಿ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಕೂಡದು. ಆಸ್ಪತ್ರೆಗೆ ಹೊರಡುವಾಗ ರೋಗಿಯು ದಿನವೂ ಸೇವಿಸುತ್ತಿರುವ ಮಾತ್ರೆಗಳ ಹಾಳೆಗಳನ್ನು, ಹಳೆಯ ಚೀಟಿಗಳನ್ನು ಹಾಗೂ ಪಡಿತರ ಚೀಟಿಯನ್ನು ಒಂದೇ ಚೀಲದಲ್ಲಿ ಒಯ್ಯುವುದು.